ಕಮಲ ಎಂದರೆ 351

2000ದ ಮೇ 2ರಂದು ಅಮೆರಿಕ ಸರ್ಕಾರ ಜಿಪಿಎಸ್ ಸಂಕೇತಕ್ಕೆ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ನಿಲ್ಲಿಸಿತು. ಮರುದಿನವೇ ಆರೆಗನ್‌ನಲ್ಲಿ ಡೇವ್ ಅಲ್ಮರ್ ಎಂಬಾತ ಒಂದು ಬಕೆಟ್ ಬಚ್ಚಿಟ್ಟು, ಅದರ ಅಕ್ಷಾಂಶ–ರೇಖಾಂಶವನ್ನು ಎಲ್ಲರಿಗೂ ತಿಳಿಸಿದ. ಹುಡುಕಿ ತೆಗೆದವರು ಒಳಗಿನ ಪುಸ್ತಕದಲ್ಲಿ ಹೆಸರು ಬರೆಯಬೇಕು, ಅಷ್ಟೇ. ಜಿಯೋಕ್ಯಾಚಿಂಗ್ ಶುರುವಾದದ್ದು ಹೀಗೆ.

ಇದರಲ್ಲಿ ಒಗಟಿನ ಬಗೆಯೊಂದಿದೆ. ನಕ್ಷೆಯಲ್ಲಿ ಕಾಣುವ ಬಿಂದು ಸುಳ್ಳು. ಒಗಟು ಬಿಡಿಸಿದವರಿಗಷ್ಟೇ ನಿಜವಾದ ಜಾಗ ಸಿಗುತ್ತದೆ. ಆದರೆ ಸುಳ್ಳಿಗೂ ಒಂದು ಮಿತಿಯುಂಟು: ಎರಡರ ನಡುವೆ ಸಾಮಾನ್ಯವಾಗಿ 3 ಕಿಲೋಮೀಟರಿಗಿಂತ ಹೆಚ್ಚು ಅಂತರ ಇರಕೂಡದು. ಜಾಣರು ಹಿಡಿದುಕೊಳ್ಳುವುದು ಈ ಎಳೆಯನ್ನೇ. ಬೆಂಗಳೂರಿನ ಅಕ್ಷಾಂಶಗಳನ್ನೇ ನೋಡಿ: ಆರ್‌.ಟಿ. ನಗರ, ಯಶವಂತಪುರಗಳು 13 ಡಿಗ್ರಿ 1 ಮಿನಿಟಿನ ಆಸುಪಾಸು, ಹೆಬ್ಬಾಳ 2, ಯಲಹಂಕ 6. ಅಕ್ಷಾಂಶದ ಒಂದು ಮಿನಿಟೆಂದರೆ ನೆಲದ ಮೇಲೆ ಸುಮಾರು 1.85 ಕಿ.ಮೀ. ಹಾಗಾಗಿ ಹೆಬ್ಬಾಳದಲ್ಲಿ ತೋರಿಸಿದ ಬಿಂದುವಿಗೆ ಉತ್ತರ ಯಲಹಂಕದಲ್ಲಿ ಬಂತೆಂದರೆ ಲೆಕ್ಕ ತಪ್ಪಿದೆ. ನಿಜವಾದ ಗುಟ್ಟು ಇರುವುದು ಮಿನಿಟಿನ ದಶಮಾಂಶದ ಮೂರು ಅಂಕಿಗಳಲ್ಲಿ.

ಆ ಮೂರನ್ನು ಬಚ್ಚಿಡಲು ನಮ್ಮಲ್ಲೇ ಸೊಗಸಾದ ಉಪಾಯವಿದೆ: ಕಟಪಯಾದಿ. ಕ, ಟ, ಪ, ಯ ನಾಲ್ಕಕ್ಕೂ ಬೆಲೆ 1; ಅಲ್ಲಿಂದ ವರ್ಣಮಾಲೆಯ ಕ್ರಮದಲ್ಲಿ ಏರಿಕೆ. ಞ, ನ ಸೊನ್ನೆ. ಬಂದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಸಂಗೀತದವರಿಗೆ ಇದು ಹಳೆಯ ಪರಿಚಯ. ಮೇಚಕಲ್ಯಾಣಿ ರಾಗದ ‘ಮ’ 5, ‘ಚ’ 6. ತಿರುಗಿಸಿದರೆ 65, ಮೇಳಕರ್ತ ರಾಗಗಳ ಪಟ್ಟಿಯಲ್ಲಿ ಅದೇ ಅದರ ಸಂಖ್ಯೆ. ಹಾಗೆಯೇ ‘ಕಮಲ’ ಎಂದರೆ 1, 5, 3, ತಿರುಗಿಸಿದರೆ 351. ಹೆಬ್ಬಾಳದ ಒಗಟಿನಲ್ಲಿ ಕಮಲವನ್ನಿಟ್ಟರೆ ಅಕ್ಷಾಂಶ 13 ಡಿಗ್ರಿ 2.351 ಮಿನಿಟು.

ತಪ್ಪಿದರೆ ಏನಾಗುತ್ತದೆಂಬುದು ಇನ್ನೂ ಸ್ವಾರಸ್ಯ. ‘ಕ’ವನ್ನು ‘ಖ’ ಎಂದುಕೊಂಡರೆ 2 ಮೀಟರೂ ಸರಿಯುವುದಿಲ್ಲ. ಬಯಲಿನಲ್ಲೂ ಮೊಬೈಲ್ 5 ಮೀಟರ್ ಆಚೀಚೆ ತೋರಿಸುವಾಗ ಅದು ಲೆಕ್ಕಕ್ಕೇ ಇಲ್ಲ. ಆದರೆ ‘ಲ’ದ ಜಾಗದಲ್ಲಿ ‘ಳ’ ಬರೆದಿರೋ, 3 ಹೋಗಿ 9 ಆಗುತ್ತದೆ, ನೀವು 1.1 ಕಿ.ಮೀ. ಉತ್ತರದಲ್ಲಿರುತ್ತೀರಿ! ಲ–ಳ ಭೇದವಿಲ್ಲದೆ ಮಾತನಾಡುವವರಿಗೆ ಇಷ್ಟು ಶಿಕ್ಷೆ ಸಾಕು.

ಹೆಬ್ಬಾಳ ಮೇಲ್ಸೇತುವೆಯ ಕೆಳಗಂತೂ ಡಬ್ಬಿ ಇಡಬೇಡಿ. ಉಪಗ್ರಹದ ಸಂಕೇತ ಕಾಂಕ್ರೀಟಿಗೆ ಬಡಿದು ತಡವಾಗಿ ತಲುಪುತ್ತದೆ. ಸಾಧನ ಆ ತಡವನ್ನೂ ದೂರವೆಂದೇ ಎಣಿಸಿ ನಿಮ್ಮನ್ನು ಪಕ್ಕದ ರಸ್ತೆಗೆ ಒಯ್ಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಪೊಲೀಸರದು. ವಾರಸುದಾರರಿಲ್ಲದ ಡಬ್ಬಿ ಕಂಡರೆ ಅವರು ಸುಮ್ಮನಿರುವಂತಿಲ್ಲ. ಯಲಹಂಕದ ವಾಯುನೆಲೆಯ ಸುತ್ತಮುತ್ತ ಆ ಯೋಚನೆಯೇ ಬೇಡ.

ಡಬ್ಬಿಯೇ ಇಲ್ಲದೆಯೂ ಆಟ ಕಟ್ಟಬಹುದು. 2018ರಲ್ಲಿ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು ಸಿಕ್ಕಿತು. ಒಗಟು ಬಿಡಿಸಿದವರನ್ನು ಅದರ ಮುಂದೆ ತಂದು ನಿಲ್ಲಿಸಿ, ಕಲ್ಲನ್ನು ನೋಡದೆ ಹೇಳಲಾಗದಂಥ ಒಂದೇ ಒಂದು ಪ್ರಶ್ನೆ ಕೇಳಿದರಾಯಿತು. ಕೊನೆಯ ಹತ್ತು ಮೀಟರ್ ಉಪಗ್ರಹದ ಹಂಗಿಲ್ಲ, ಕಣ್ಣಿದ್ದರೆ ಸಾಕು.