ಕೂಲಂಟ್ ದಾರಿಯಲ್ಲಿ ಸಿಕ್ಕಿಕೊಂಡ ಗಾಳಿ

ಕಾರಿನ ಕೂಲಂಟ್ ಬದಲಾಯಿಸಿದಾಗ ಸಿಲಿಂಡರ್ ಹೆಡ್, ಹೀಟರ್ ಕೊಳವೆಗಳಂಥ ಎತ್ತರದ ಜಾಗಗಳಲ್ಲಿ ಗಾಳಿ ಉಳಿದುಬಿಡುತ್ತದೆ. ಗಾಳಿ ದ್ರವದಷ್ಟು ಶಾಖ ಹೀರುವುದಿಲ್ಲ. ಅಲ್ಲಿನ ಲೋಹ ಮಿತಿಮೀರಿ ಕಾದು ಹೆಡ್ ಗ್ಯಾಸ್ಕೆಟ್ ಹಾಳಾಗಬಹುದು. ಹೀಟರ್ ಹಾಕಿದರೂ ತಣ್ಣನೆ ಗಾಳಿಯೇ ಬರುವುದು ಇದರ ಸ್ಪಷ್ಟ ಲಕ್ಷಣ.

ಈ ಗಾಳಿಯನ್ನು ಹೊರಹಾಕುವ ಕೆಲಸ ಶುರುವಾಗಬೇಕಾದ್ದು ಪೂರ್ತಿ ತಣ್ಣಗಾದ ಎಂಜಿನ್‌ನಲ್ಲಿ. ಗಾಡಿಯ ಮುಂಭಾಗ ತುಸು ಎತ್ತರದಲ್ಲಿದ್ದರೆ ಒಳ್ಳೆಯದು: ಗಾಳಿ ರೇಡಿಯೇಟರ್ ಬಾಯಿಯತ್ತಲೇ ಏರುತ್ತದೆ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಕೂಲಂಟ್ ನಿಧಾನವಾಗಿ ಸುರಿದು, ಮುಚ್ಚಳ ಹಾಕದೆ ಎಂಜಿನ್ ಚಾಲೂ ಮಾಡಲಾಗುತ್ತದೆ. ಸಾಮಾನ್ಯವಾಗಿ 80ರಿಂದ 90 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಥರ್ಮೋಸ್ಟಾಟ್ ತೆರೆದುಕೊಳ್ಳುತ್ತದೆ. ಗುಳ್ಳೆಗಳು ಹೆಚ್ಚಾಗಿ ಹೊರಬರುವುದು ಆಗಲೇ. ಮಟ್ಟ ಇಳಿದಂತೆಲ್ಲ ತುಂಬಿಸಬೇಕು. ಬ್ಲೀಡ್ ಸ್ಕ್ರೂ ಇರುವ ಗಾಡಿಗಳಲ್ಲಿ ಗುಳ್ಳೆಯಿಲ್ಲದ ದ್ರವ ಹರಿಯುವವರೆಗೆ ಅದು ಸಡಿಲವಾಗಿರಬೇಕು.

ಮುಚ್ಚಳ ಹಾಕಿ ಓಡಿಸಿದ ಎಂಜಿನ್ ತಣಿಯುವ ಮೊದಲು ಮುಚ್ಚಳವನ್ನು ತೆರೆಯಲೇಬಾರದು; ಒತ್ತಡಕ್ಕೆ ಚಿಮ್ಮುವ ಕೂಲಂಟ್ ಮೈ ಸುಡುತ್ತದೆ.