ಟರ್ಬೊ ಕಾರಿಗೆ ಏನು ಹಾಕಿಸಬೇಕು, ಏನು ಬೇಡ

ನಮ್ಮ ಸಂಘದಲ್ಲಿದ್ದು ಹೋದ ವರ್ಷ ಪಾಸಾಗಿ ಪುಣೆಯಲ್ಲೇ ನೌಕರಿಗೆ ಸೇರಿದ ಬೆಳಗಾವಿ ಕಡೆಯ ಮಿತ್ರನೊಬ್ಬ ಸೆಕೆಂಡ್‌ಹ್ಯಾಂಡ್ ಪೋಲೊ ಜಿ.ಟಿ. ಟಿ.ಎಸ್.ಐ. ಕಾರು ಕೊಂಡಿದ್ದಾನೆ. ಕೈಯಲ್ಲಿ ಇನ್ನೂ ಒಂದು ಲಕ್ಷ ರೂಪಾಯಿ ಉಳಿದಿದೆ. "ಇಷ್ಟರಾಗ ಏನೇನ್ ಹಾಕಸ್ಲಿ, ಹೇಳಪಾ" ಅಂತ ನನ್ನನ್ನು ಕೇಳಿದ. ಮೆಕ್ಯಾನಿಕಲ್ ಓದುವವನಿಗೆ ಎಲ್ಲವೂ ಗೊತ್ತಿರುತ್ತದೆ ಎಂಬುದು ಸಂಘದವರ ಹಳೆಯ ನಂಬಿಕೆ. ಟೇಬಲ್ ಫ್ಯಾನ್ ನಿಂತರೂ ನನ್ನ ರೂಮಿಗೇ ಬರುತ್ತದೆ. ಅವನಿಗೆ ಹೇಳಿದ್ದನ್ನು ಉಳಿದವರಿಗೂ ಇರಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ. ಇದೇ ಹಾದಿಯಲ್ಲಿರುವವರು ಇನ್ನೂ ಇಬ್ಬರು ನಮ್ಮಲ್ಲಿದ್ದಾರೆಂದು ಬಲ್ಲೆ.

ಇದನ್ನು ಸ್ಪೋರ್ಟ್ಸ್ ಕಾರು ಅನ್ನಬಹುದೇ ಎಂದು ದೊಡ್ಡ ಕಾರು ಕಂಡವರು ಮೂಗು ಮುರಿಯಬಹುದು. ಮುರಿಯಲಿ. ಹುಡುಗರ ಕೈಗೆ ಎಟುಕುವ ಬೆಲೆಯಲ್ಲಿ, ಕಾಲಿಟ್ಟರೆ ಬೆನ್ನು ಸೀಟಿಗೆ ಅಂಟಿಕೊಳ್ಳುವಂಥ ಕಾರು ಎಂದರೆ ನಮ್ಮಲ್ಲಿ ಇದೇ. 2013ರಲ್ಲಿ ಬಂತು, ತಯಾರಾದದ್ದು ಇಲ್ಲೇ ಪಕ್ಕದ ಚಾಕಣದಲ್ಲಿ. 1.2 ಲೀಟರಿನ ನಾಲ್ಕು ಸಿಲಿಂಡರಿನ ಎಂಜಿನ್ನು, ಅದಕ್ಕೊಂದು ಟರ್ಬೊ, 105 ಕುದುರೆಯ ಶಕ್ತಿ, 175 ನ್ಯೂಟನ್ ಮೀಟರ್ ಟಾರ್ಕು, ಏಳು ಗೇರಿನ ಡಿ.ಎಸ್.ಜಿ. ಪೆಟ್ಟಿಗೆ. 2020ರಲ್ಲಿ ಬಿ.ಎಸ್. 6 ನಿಯಮ ಬಂದಾಗ ಈ ಎಂಜಿನ್ನೂ ಹೋಯಿತು, ಅದರ ಜೊತೆಗಿದ್ದ ಗೇರುಪೆಟ್ಟಿಗೆಯೂ ಹೋಯಿತು; 1.0 ಲೀಟರಿನದು ಬಂತು. 2022ಕ್ಕೆ ಪೋಲೊ ತಯಾರಿಕೆಯೇ ಇಲ್ಲಿ ನಿಂತಿತು. ಅಂದಮೇಲೆ ಈಗ ಪೇಟೆಯಲ್ಲಿ ಸಿಗುವ 1.2 ಎಲ್ಲವೂ ವಾರಂಟಿ ಮುಗಿದ, ನಾಲ್ಕು ಕೈ ಓಡಿಸಿದ ಕಾರುಗಳೇ. ಈ ಮಾತು ನೆನಪಿನಲ್ಲಿರಲಿ.

ಟರ್ಬೊ ಎಂದರೇನು ಎಂಬುದನ್ನು ಬೇಗ ಹೇಳಿ ಮುಗಿಸುತ್ತೇನೆ. ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆಗೆ ಬಹಳ ರಭಸವಿರುತ್ತದೆ. ಸೈಲೆನ್ಸರಿನಲ್ಲಿ ದಂಡವಾಗಿ ಹೋಗುವ ಆ ರಭಸಕ್ಕೆ ಒಂದು ಪುಟ್ಟ ಚಕ್ರವನ್ನೊಡ್ಡಿದರೆ ಅದು ಗಿರ್ರನೆ ತಿರುಗುತ್ತದೆ. ಅದೇ ದಂಡದ ಇನ್ನೊಂದು ತುದಿಗಿರುವ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುರುಕುತ್ತದೆ. ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲು, ಹೆಚ್ಚು ಶಕ್ತಿ. ಆಲ್ಫ್ರೆಡ್ ಬ್ಯೂಚಿ ಎಂಬ ಸ್ವಿಸ್ ಎಂಜಿನಿಯರ್ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಹೀಗೆ ಒತ್ತಿದ ಗಾಳಿಯ ಹೆಚ್ಚುವರಿ ಒತ್ತಡಕ್ಕೇ ಬೂಸ್ಟ್ ಎಂಬ ಹೆಸರು. ಎಷ್ಟು ಬೂಸ್ಟ್ ಬೇಕು, ಕಿಡಿ ಯಾವಾಗ ಹಾರಬೇಕು, ಪೆಟ್ರೋಲು ಎಷ್ಟು ಚಿಮ್ಮಬೇಕು ಎಂಬುದನ್ನೆಲ್ಲ ನಿರ್ಧರಿಸುವುದು ಇ.ಸಿ.ಯು. ಎಂಬ ಕಂಪ್ಯೂಟರು.

ಚಪಲ ಹುಟ್ಟುವುದು ಇಲ್ಲೇ. ಟರ್ಬೊ ಇಲ್ಲದ ಕಾರಿಗೆ ಇಪ್ಪತ್ತು ಕುದುರೆ ಹೆಚ್ಚು ಬೇಕೆಂದರೆ ಎಂಜಿನ್ ಬಿಚ್ಚಿ ಕ್ಯಾಮು, ಹೆಡ್ಡು ಅಂತ ಮೈಕೈಗೆ ಮಸಿ ಬಳಿದುಕೊಳ್ಳಬೇಕು. ಟರ್ಬೊ ಕಾರಿಗೆ ಅದೆಲ್ಲ ಬೇಡ. ಕಂಪ್ಯೂಟರಿನೊಳಗಿನ ಅಂಕಿ ಬದಲಿಸಿದರೆ ಸಾಕು. ಇದೇ ರೀಮ್ಯಾಪ್, ಇದೇ ನಮ್ಮ ಹುಡುಗರ "ಸ್ಟೇಜ್ ಒನ್". ಈ ಎಂಜಿನ್ನಿಗೆ ಸುಮಾರು 130 ಕುದುರೆ, 220ರಿಂದ 240 ನ್ಯೂಟನ್ ಮೀಟರ್ ಬರುತ್ತದೆ ಅಂತ ಅಂಗಡಿಯವರು ಹೇಳುವುದುಂಟು. ಬರುತ್ತದೆ, ಅದರಲ್ಲಿ ಸುಳ್ಳೇನಿಲ್ಲ. ಎಷ್ಟು ಬರುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಬಂದದ್ದನ್ನು ಹೊರುವವರು ಯಾರು ಎಂದು ಕೇಳುವವರು ಕಡಿಮೆ.

ಈ ಕಾರಿನಲ್ಲಿ ಹೊರುವುದು ಗೇರುಪೆಟ್ಟಿಗೆ. ಡಿಕ್ಯೂ 200 ಎಂಬ ಈ ಪೆಟ್ಟಿಗೆಯನ್ನು ರೂಪಿಸಿರುವುದು 250 ನ್ಯೂಟನ್ ಮೀಟರ್ ಟಾರ್ಕಿಗೆ. ಒಳಗೆ ಎರಡು ಕ್ಲಚ್ಚುಗಳಿವೆ. ಒಂದು 1, 3, 5, 7ನೇ ಗೇರುಗಳನ್ನು ನೋಡಿಕೊಳ್ಳುತ್ತದೆ, ಇನ್ನೊಂದು 2, 4, 6 ಮತ್ತು ರಿವರ್ಸನ್ನು. ಎರಡೂ ಒಣ ಕ್ಲಚ್ಚುಗಳು. ದೊಡ್ಡ ಕಾರುಗಳ ಡಿ.ಎಸ್.ಜಿ.ಗಳಲ್ಲಿ ಕ್ಲಚ್ಚು ಎಣ್ಣೆಯಲ್ಲಿ ಮುಳುಗಿರುತ್ತದೆ, ಬಿಸಿಯನ್ನು ಎಣ್ಣೆ ಒಯ್ಯುತ್ತದೆ. ಇಲ್ಲಿ ಒಯ್ಯುವವರು ಯಾರೂ ಇಲ್ಲ. ಹಿಂಜವಡಿಯ ಸಂಜೆಯ ಟ್ರಾಫಿಕ್ಕಿನಲ್ಲಿ ಇಂಚಿಂಚಾಗಿ ತೆವಳುವಾಗ ಆ ಮೊದಲನೇ ಗೇರಿನ ಕ್ಲಚ್ಚು ಅರ್ಧ ಹಿಡಿದು ಅರ್ಧ ಬಿಟ್ಟು ಜಾರುತ್ತಲೇ ಇರುತ್ತದೆ, ಕಾಯುತ್ತಲೇ ಇರುತ್ತದೆ. ಹೊಸ ಕಾರಿಗೇ ಇದು ಕಷ್ಟ. ಎಂಟು ಹತ್ತು ವರ್ಷ ಸವೆದ ಕ್ಲಚ್ಚಿನ ಮೇಲೆ 240 ಹೇರಿದರೆ, ಕಾಗದದ ಮೇಲೆ 250ಕ್ಕೆ ಒಳಗೇ ಇದೆಯಲ್ಲ ಅಂತ ವಾದಿಸಿ ಫಲವಿಲ್ಲ.

ನಮ್ಮ ಕಟ್ಟಡದಲ್ಲೇ ಇರುವವರೊಬ್ಬರು ಇಂಥದೇ ಕಾರಿಗೆ ಅಂಗಡಿಯವರಲ್ಲಿದ್ದ ಅತಿ ಜೋರಿನ ಮ್ಯಾಪ್ ಹಾಕಿಸಿದರು. ಮೊದಲ ತಿಂಗಳು ಅವರ ಮುಖದಲ್ಲಿ ಮದುವೆ ಕಳೆ. ಬೇಸಿಗೆ ಬರುವ ಹೊತ್ತಿಗೆ ಒಂದರಿಂದ ಎರಡನೇ ಗೇರಿಗೆ ಹೋಗುವಾಗ ಕಾರು ಜಡಿಮಳೆಗೆ ಸಿಕ್ಕ ಎಮ್ಮೆಯಂತೆ ನಡುಗತೊಡಗಿತು. ಕ್ಲಚ್ಚಿನ ಜೋಡಿಯನ್ನೇ ಬದಲಿಸಬೇಕಾಯಿತು. ಮ್ಯಾಪಿಗೆ ಕೊಟ್ಟದ್ದರ ಮೂರು ಪಟ್ಟು ಬಿಲ್ಲು.

ಹಾಗಾದರೆ ಮ್ಯಾಪೇ ಬೇಡವೇ? ನಾನು ಹಾಗೆ ಹೇಳುವುದಿಲ್ಲ. 200–210 ನ್ಯೂಟನ್ ಮೀಟರಿಗೆ ನಿಲ್ಲಿಸಿ, ಅದೂ ಎಂಜಿನ್ ಎರಡೂವರೆ ಸಾವಿರ ಸುತ್ತು ದಾಟಿದ ಮೇಲೆ ಮೆಲ್ಲಗೆ ಏರುವಂತೆ ಬರೆಸಿದರೆ ಹೈವೇಯಲ್ಲಿ ಲಾರಿ ದಾಟುವಾಗ ಬೇಕಾದ ಒತ್ತು ಸಿಗುತ್ತದೆ, ಕ್ಲಚ್ಚೂ ಬದುಕುತ್ತದೆ. "ಕೆಳಗಿನ ಸುತ್ತಿನಲ್ಲಿ ಎಷ್ಟು ಕೊಡುತ್ತೀರಿ?" ಎಂದು ಅಂಗಡಿಯವನನ್ನು ಕೇಳಿ. ಉತ್ತರದ ಬದಲು ಅವನು ಕುದುರೆ ಲೆಕ್ಕವನ್ನೇ ಇನ್ನೊಮ್ಮೆ ಒಪ್ಪಿಸಿದರೆ ಬೇರೆ ಅಂಗಡಿ ನೋಡಿ.

ಇನ್ನು ಶಾಖದ ವಿಚಾರ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಸೈಕಲ್ ಪಂಪು ಹೊಡೆದವರಿಗೆಲ್ಲ ಗೊತ್ತು. ಕಾದ ಗಾಳಿ ಸಿಲಿಂಡರಿನೊಳಗೆ ಹೋದರೆ ಪೆಟ್ರೋಲು ಕಿಡಿಗೆ ಮೊದಲು, ಅಥವಾ ಕಿಡಿ ಹತ್ತಿದ ಮೇಲೆ ಇನ್ನೊಂದು ಮೂಲೆಯಲ್ಲಿ ತಾನಾಗಿ ಸ್ಫೋಟಿಸುತ್ತದೆ. ಎರಡನೆಯದಕ್ಕೆ ನಾಕಿಂಗ್ ಎನ್ನುತ್ತಾರೆ. ಪಿಸ್ಟನ್ನಿಗೆ ಸುತ್ತಿಗೆಯೇಟು ಬಿದ್ದ ಹಾಗೆ. ಇ.ಸಿ.ಯು. ಅದನ್ನು ಕೇಳಿಸಿಕೊಂಡು ಕಿಡಿಯನ್ನು ತಡ ಮಾಡುತ್ತದೆ, ಶಕ್ತಿ ಇಳಿಯುತ್ತದೆ. ಇದನ್ನು ತಡೆಯುವ ಗುಣ ಪೆಟ್ರೋಲಿಗೆ ಎಷ್ಟಿದೆ ಎಂಬುದರ ಅಳತೆಯೇ ಆಕ್ಟೇನ್. ಇಂಡಿಯನ್ ಆಯಿಲ್‌ನವರು 2020ರ ಡಿಸೆಂಬರಿನಲ್ಲಿ 100 ಆಕ್ಟೇನ್ ಪೆಟ್ರೋಲನ್ನು ಮೊದಲು ತಂದ ಊರುಗಳಲ್ಲಿ ಪುಣೆಯೂ ಒಂದು. ಅದಕ್ಕೆ ಹೊಂದಿಸಿ ಮ್ಯಾಪ್ ಬರೆಸಿಕೊಂಡ ಮಹನೀಯರನ್ನು ನಾನು ಬಲ್ಲೆ. ಆದರೆ ನಾವು ಹೋಗುವುದೆಲ್ಲಿಗೆ? ದೀಪಾವಳಿಗೆ ಬೆಳಗಾವಿಗೋ ಧಾರವಾಡಕ್ಕೋ ಬಾಗಲಕೋಟೆಗೋ. ಹಾದಿಯಲ್ಲಿ ರಾತ್ರಿ ಹತ್ತಕ್ಕೆ ತೆರೆದಿರುವ ಬಂಕಿನಲ್ಲಿ ಇದ್ದದ್ದನ್ನೇ ಹಾಕಿಸಬೇಕು. ಅಲ್ಲಿ ಸಿಗುವ ಪೆಟ್ರೋಲಿಗೆ ಕಾರು ಒಗ್ಗಿರಬೇಕು. ಮ್ಯಾಪನ್ನು ಊರ ದಾರಿಯ ಪೆಟ್ರೋಲಿಗೇ ಬರೆಸಿ. ನಾಲ್ಕು ಕುದುರೆ ಕಡಿಮೆಯಾದರೆ ಆಗಲಿ.

ಕಿಡಿಗೆ ಮೊದಲೇ ಹೊತ್ತಿಕೊಳ್ಳುವ ಕಾಯಿಲೆ ಇನ್ನೂ ಕೆಟ್ಟದ್ದು. ಚಿಕ್ಕ ಟರ್ಬೊ ಎಂಜಿನ್ನುಗಳಿಗೆ ಇದು ವಿಶೇಷವಾಗಿ ಬರುತ್ತದೆ: ಮೇಲಿನ ಗೇರು, ಕಡಿಮೆ ಸುತ್ತು, ಕಾಲು ಮಾತ್ರ ಪೂರ್ತಿ ಕೆಳಗೆ. ಒಂದೇ ಏಟಿಗೆ ಪಿಸ್ಟನ್ ಒಡೆದ ಉದಾಹರಣೆಗಳಿವೆ. ಎಂಜಿನ್ ಆಯಿಲಿಗೂ ಇದಕ್ಕೂ ಸಂಬಂಧವಿದೆ ಎಂದು ಕಂಡುಕೊಂಡ ಮೇಲೆಯೇ 2018ರಲ್ಲಿ ಎಸ್.ಎನ್. ಪ್ಲಸ್, 2020ರಲ್ಲಿ ಎಸ್.ಪಿ. ಎಂಬ ಹೊಸ ಎ.ಪಿ.ಐ. ದರ್ಜೆಗಳು ಬಂದವು. ಆಯಿಲ್ ಡಬ್ಬಿಯ ಹಿಂದೆ ಎಸ್.ಪಿ. ಎಂದೂ ಇರಲಿ, ಕಾರಿನ ಪುಸ್ತಕದಲ್ಲಿ ಕಂಪನಿ ಹೇಳಿರುವ ನಂಬರೂ ಇರಲಿ. ನನ್ನ ಮಾತು ಕೇಳುವುದಾದರೆ ಲಕ್ಷದಲ್ಲಿ ಮೊದಲ ಖರ್ಚು ಇದೇ: ಆಯಿಲು, ಫಿಲ್ಟರು, ಪ್ಲಗ್ಗು, ಬ್ರೇಕ್ ಆಯಿಲು. ತೋರಿಸಿಕೊಳ್ಳಲು ಏನೂ ಇಲ್ಲದ ಖರ್ಚು. ಹಿಂದಿನ ಯಜಮಾನ ಏನು ಮಾಡಿದ್ದ, ಏನು ಬಿಟ್ಟಿದ್ದ ಯಾರಿಗೆ ಗೊತ್ತು?

ಎರಡನೆಯದು ಟೈರು, ಬ್ರೇಕು. ಇಲ್ಲಿ ಮಿತ್ರ ಸ್ವಲ್ಪ ಮುಖ ಸಣ್ಣಗೆ ಮಾಡಿದ. "ಅದರಾಗ ಮಜಾ ಏನೈತಲೇ?" ಅಂದ. ಮಜಾ ಲೆಕ್ಕದಲ್ಲಿದೆ. ಓಡುವ ಕಾರಿನ ಚಲನಶಕ್ತಿ ವೇಗದ ವರ್ಗದಂತೆ ಏರುತ್ತದೆ ಎಂದು ಪಿ.ಯು.ಸಿ.ಯಲ್ಲಿ ಉರು ಹೊಡೆದಿದ್ದೇವೆ. 80ರಿಂದ 120ಕ್ಕೆ ಏರಿದರೆ ವೇಗ ಒಂದೂವರೆ ಪಟ್ಟು. ಬ್ರೇಕು ನುಂಗಬೇಕಾದ ಶಕ್ತಿ ಎರಡೂಕಾಲು ಪಟ್ಟು. ಈ ಕಾರಿಗೆ ಮುಂದೆ ಮಾತ್ರ ಡಿಸ್ಕು, ಹಿಂದೆ ಡ್ರಮ್ಮು. ಡಾಟ್ 4 ಬ್ರೇಕ್ ಆಯಿಲು ಹೊಸದಿದ್ದಾಗ ಕನಿಷ್ಠ 230 ಡಿಗ್ರಿಗೆ ಕುದಿಯುತ್ತದೆ. ಗಾಳಿಯ ತೇವ ಹೀರಿ ಹಳತಾದರೆ ಆ ಮಿತಿ 155ರವರೆಗೂ ಇಳಿಯುತ್ತದೆ. ಕುದಿದರೆ ಒಳಗೆ ಆವಿಯ ಗುಳ್ಳೆ, ಪೆಡಲು ಮೆತ್ತಗೆ. ಚೋರ್ಲಾ ಘಾಟಿನ ಇಳಿಜಾರಿನಲ್ಲಿ ಪೆಡಲು ಮೆತ್ತಗಾದರೆ ಕುದುರೆ ಎಷ್ಟಿದ್ದರೇನು? ಒಳ್ಳೆಯ ಪ್ಯಾಡು, ಹೊಸ ಆಯಿಲು, ನಾಲ್ಕು ಒಳ್ಳೆಯ ಟೈರು, ಇಷ್ಟಕ್ಕೇ ಲಕ್ಷದ ಅರ್ಧದ ಹತ್ತಿರ ಹೋಗುತ್ತದೆ. ಹೋಗಲಿ.

ಟೈರಿನ ಅಳತೆ ಬಗ್ಗೆ ಒಂದು ಮಾತು. ಮೊದಲ ವರ್ಷಗಳ ಕಾರಿಗೆ ಬಂದದ್ದು 185/60, 15 ಇಂಚು. ಅದರ ವ್ಯಾಸ 603 ಮಿಲಿಮೀಟರು. 195/60 ಹಾಕಿದರೆ 615; ಎರಡು ಶೇಕಡ ವ್ಯತ್ಯಾಸ, ಸ್ಪೀಡೋಮೀಟರು ಅಷ್ಟರಮಟ್ಟಿಗೆ ಕಡಿಮೆ ತೋರಿಸುತ್ತದೆ, ಅದಕ್ಕಿಂತ ಹೆಚ್ಚಿನ ತೊಂದರೆಯಿಲ್ಲ. ಚಂದ ಕಾಣಲೆಂದು 17 ಇಂಚಿನ ಚಕ್ರಕ್ಕೆ ಚಪಾತಿಯಂಥ ಟೈರು ಹಾಕಿಸಿಕೊಂಡರೆ ಮಾತ್ರ, ನಮ್ಮ ರಸ್ತೆಯ ಮೊದಲ ಮಳೆಗಾಲದ ಗುಂಡಿಯಲ್ಲಿ ಚಕ್ರದ ಅಂಚೇ ಬಾಗುತ್ತದೆ.

ಉಳಿದ ಸಾಮಾನುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶಂಕುವಿನಾಕಾರದ ಏರ್ ಫಿಲ್ಟರು ಬಾನೆಟ್ಟಿನೊಳಗಿನ ಬಿಸಿ ಗಾಳಿಯನ್ನೇ ಎಳೆಯುತ್ತದೆ. ಸದ್ದು ಮಾತ್ರ ಚೆನ್ನ. "ಪಿಸ್ಸ್" ಎನ್ನುವ ಬ್ಲೋ ಆಫ್ ವಾಲ್ವು ಕಿವಿಗೆ ಹಾಕಿಕೊಂಡ ಓಲೆ, ಅಷ್ಟೆ. ದೊಡ್ಡ ಇಂಟರ್‌ಕೂಲರ್ ಮಾರಲು ಬಂದವನಿಗೆ ಕೈಮುಗಿಯಿರಿ: ಈ ಕಾರಿನದು ನೀರಿನಿಂದ ತಣಿಯುವ ಜಾತಿ, ಇನ್‌ಟೇಕ್ ಮ್ಯಾನಿಫೋಲ್ಡಿನೊಳಗೇ ಕೂತಿದೆ, ಬಂಪರಿನ ಹಿಂದೆ ಪೆಟ್ಟಿಗೆ ಬದಲಿಸಿದ ಹಾಗಲ್ಲ. ಸ್ಪ್ರಿಂಗ್ ಕತ್ತರಿಸಿ ಕಾರು ತಗ್ಗಿಸುವವರನ್ನು ನೋಡಿದರೆ ನನಗೆ ಸಿಟ್ಟೇ ಬರುತ್ತದೆ. ಬೇಕಾದರೆ ಹೊಂದುವ ಡ್ಯಾಂಪರು ಸಮೇತ ಪೂರ್ತಿ ಸೆಟ್ಟು ಹಾಕಿಸಲಿ, ಇಲ್ಲವೇ ಸುಮ್ಮನಿರಲಿ. ಹೊಗೆ ಶುದ್ಧ ಮಾಡುವ ಕ್ಯಾಟಲಿಸ್ಟ್ ಕಿತ್ತು ನೆಟ್ಟಗಿನ ಕೊಳವೆ ಹಾಕಿಸುವುದು ಕಾನೂನಿಗೂ ವಿರುದ್ಧ, ಹಿಂದೆ ಬರುವ ಸ್ಕೂಟರಿನವನ ಮೂಗಿಗೂ ವಿರುದ್ಧ.

ಕಾನೂನು ಅಂದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟು ಆರ್.ಸಿ.ಯಲ್ಲಿ ದಾಖಲಾದ ವಿವರಕ್ಕೆ ತಾಳೆಯಾಗದಂತೆ ಗಾಡಿಯನ್ನು ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಖಡಕ್ಕಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನಿಗೆ ಒಂದೊಂದು ಬದಲಾವಣೆಗೆ ಐದು ಸಾವಿರ ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ ಎಂದು ಸೇರಿತು. ಮ್ಯಾಪು ಕಣ್ಣಿಗೆ ಕಾಣುವುದಿಲ್ಲವಲ್ಲ ಎನ್ನುವವರಿಗೆ ವಿಮೆಯ ಮಾತು: ತಿಳಿಸದೆ ಮಾಡಿಸಿದ ಬದಲಾವಣೆ ಅಪಘಾತದ ನಂತರ ಸರ್ವೇಯರಿನ ಕಣ್ಣಿಗೆ ಬಿದ್ದರೆ ಕ್ಲೇಮು ನಿಲ್ಲಬಹುದು. ಏನೇ ಮಾಡಿಸುವ ಮೊದಲು ವಿಮೆಯವರಿಗೆ ಬರೆದು ಕೇಳಿ, ಉತ್ತರ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಅವರು ಆಗದು ಅಂದರೆ ಮ್ಯಾಪಿನ ದುಡ್ಡು ಉಳಿಯಿತು.

ಆಗಬಹುದು ಅಂದವರಿಗೆ ಕೊನೆಯದಾಗಿ ಇಷ್ಟು. ಹಾಕಿಸುವ ಮೊದಲು ಕಾರನ್ನು ಡೈನೋ ಮೇಲೆ ಓಡಿಸಿ ಇದ್ದ ಶಕ್ತಿಯ ಚೀಟಿ ತೆಗೆಸಿ. ನಂತರದ ಚೀಟಿಯೊಂದನ್ನೇ ತೋರಿಸಿದರೆ ಒಪ್ಪಬೇಡಿ. ಕಾರಿನ ಮೂಲ ಮ್ಯಾಪಿನ ಫೈಲನ್ನು ಒಂದು ಪ್ರತಿ ನಿಮ್ಮ ಕೈಗೆ ಕೊಡಲು ಹೇಳಿ. ಬಿಚ್ಚಿದ ಹಳೆಯ ಭಾಗಗಳನ್ನು ಗುಜರಿಗೆ ಹಾಕದೆ ಗೋಣಿಚೀಲದಲ್ಲಿ ಕಟ್ಟಿ ಮಂಚದ ಕೆಳಗಿಡಿ. ಮೂರು ವರ್ಷದ ಮೇಲೆ ಕಾರು ಮಾರುವಾಗ ಕೊಳ್ಳುವವನು ಮೊದಲು ಕೇಳುವುದೇ ಅವನ್ನು.