ಮೂವತ್ತಮೂರು ಸೆಂಟಿಮೀಟರಿನ ‘ಮರುತ್’

ಬೇಸಿಗೆಯ ರಜೆಯಲ್ಲಿ ಊರಿಗೆ ಹೋಗಿಬರುವ ಗುಜರಾತಿನ ಕನ್ನಡಿಗರಲ್ಲಿ ಅನೇಕರು ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯವನ್ನು ಮಕ್ಕಳಿಗೆ ತೋರಿಸಿಯೇ ಇರುತ್ತಾರೆ. ಅದರ ಅಂಗಳದಲ್ಲಿ ನಿಂತಿರುವ ಯುದ್ಧವಿಮಾನದ ಮುಂದೆ ಮಕ್ಕಳನ್ನು ನಿಲ್ಲಿಸಿ ಛಾಯಾಚಿತ್ರವನ್ನೂ ತೆಗೆದುಕೊಂಡಿರುತ್ತಾರೆ. ಆದರೆ ಆ ವಿಮಾನದ ಹೆಸರೇನು, ಅದನ್ನು ಕಟ್ಟಿದವರು ಯಾರು, ಅದು ಯಾವ ರಣರಂಗವನ್ನು ಕಂಡಿತು ಎಂದು ಮಕ್ಕಳು ಕೇಳಿದರೆ ತಂದೆತಾಯಿಗಳು ಐಸ್‌ಕ್ರೀಮಿನ ಗಾಡಿಯತ್ತ ಬೆರಳು ತೋರಿಸುವುದೇ ಹೆಚ್ಚು. ಅದು ಎಚ್.ಎಫ್.-24, ‘ಮರುತ್’. ನಮ್ಮ ಬೆಂಗಳೂರಿನಲ್ಲೇ ರೂಪುಗೊಂಡು, ಅಲ್ಲಿಯೇ ನಿರ್ಮಾಣವಾಗಿ, ಅಲ್ಲಿಂದಲೇ ಮೊದಲು ಗಗನಕ್ಕೇರಿದ ಜೆಟ್ ಯುದ್ಧವಿಮಾನ.

ವಡೋದರಾ ನಗರದ ಒಂದು ಕನ್ನಡ ಕುಟುಂಬದಲ್ಲಿ ಈ ಪ್ರಶ್ನೆಗೆ ಉತ್ತರ ಸಿದ್ಧವಾಗಿತ್ತು. ಆ ಮನೆಯ ಹಿರಿಯರು, ಈಗ ಎಪ್ಪತ್ತಾರರ ವಯಸ್ಸಿನವರು, 1967ರಲ್ಲಿ ಹದಿನೆಂಟರ ಹರೆಯದಲ್ಲಿ ಬೆಂಗಳೂರಿನ ಹಿಂದುಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಗೆ ತರಬೇತಿಗೆ ಸೇರಿ, ಕೆಲವು ವರ್ಷ ಮರುತ್ ವಿಮಾನದ ಒಡಲಿಗೆ ರಿವೆಟ್ ಹೊಡೆದವರು. ಅನಂತರ ಗುಜರಾತಿನ ಖಾಸಗಿ ಕಾರ್ಖಾನೆಯೊಂದರಲ್ಲಿ ಉದ್ಯೋಗ ದೊರೆತು ವಡೋದರೆಯವರೇ ಆದರು. ಒಂಬತ್ತನೆಯ ತರಗತಿಯಲ್ಲಿ ಓದುವ ಮೊಮ್ಮಗಳು ಎನ್.ಸಿ.ಸಿ.ಯ ವಾಯುದಳ ವಿಭಾಗಕ್ಕೆ ಸೇರಿ, ವಿಮಾನದ ಮಾದರಿ ತಯಾರಿಸುವುದೂ ಅಲ್ಲಿಯ ಪಾಠದ ಒಂದು ಭಾಗವೆಂದು ತಿಳಿಸಿದಾಗ, ತಾತನವರು ಎರಡು ದಿನ ಏನೂ ಮಾತಾಡಲಿಲ್ಲವಂತೆ. ಮೂರನೆಯ ದಿನ ಬೆಳಿಗ್ಗೆ ಕಾಫಿ ಕುಡಿದು, “ಹಾಗಾದರೆ ಮರುತ್ ಮಾಡೋಣ. ಆದರೆ ಆಟದ ಸಾಮಾನು ಮಾಡುವುದಿಲ್ಲ. ಸರಿಯಾಗಿ ಮಾಡೋಣ” ಎಂದರು.

ಈ ‘ಸರಿಯಾಗಿ’ ಎಂಬ ಪದವೇ ಮಾದರಿ ವಿಮಾನದ ಕಲೆಯ ಜೀವಾಳ. ನಿಜವಾದ ಮರುತ್ ವಿಮಾನದ ಉದ್ದ 15.87 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 9 ಮೀಟರ್, ಎತ್ತರ 3.60 ಮೀಟರ್. ನಲವತ್ತೆಂಟರಲ್ಲಿ ಒಂದು ಪಾಲಿಗೆ ಇಳಿಸಿದರೆ ಉದ್ದ ಸುಮಾರು 33 ಸೆಂಟಿಮೀಟರ್, ರೆಕ್ಕೆಯ ಹರವು 18.75 ಸೆಂಟಿಮೀಟರ್, ಎತ್ತರ ಏಳೂವರೆ ಸೆಂಟಿಮೀಟರ್ ಆಗುತ್ತದೆ. ಈ ಪ್ರಮಾಣದಲ್ಲಿ ಕೈ ಒಂದು ಮಿಲಿಮೀಟರ್ ತಪ್ಪಿದರೆ ನಿಜವಾದ ವಿಮಾನದಲ್ಲಿ 48 ಮಿಲಿಮೀಟರ್, ಎಂದರೆ ಹೆಚ್ಚುಕಡಿಮೆ ಮೂರು ಬೆರಳಿನಷ್ಟು ತಪ್ಪಿದಂತೆ. ಖಾತೆಯಲ್ಲಿ ಒಂದು ಪೈಸೆಯ ವ್ಯತ್ಯಾಸಕ್ಕೆ ರಾತ್ರಿ ಒಂಬತ್ತರವರೆಗೆ ಕುಳಿತವರಿಗೆ ಈ ಕಷ್ಟವನ್ನು ವಿವರಿಸಬೇಕಾಗಿಲ್ಲ.

ಮರುತ್ತಿನ ಆಕೃತಿಯಾದರೂ ಸುಲಭವಾದುದಲ್ಲ. ಶಬ್ದವೇಗವನ್ನು ಸಮೀಪಿಸುವಾಗ ಗಾಳಿಯ ತಡೆ ಕಡಿಮೆಯಾಗಲೆಂದು ರೆಕ್ಕೆ ಕೂಡುವೆಡೆಯಲ್ಲಿ ಒಡಲನ್ನು ಸೊಂಟದಂತೆ ಕಿರಿದುಗೊಳಿಸಿದ್ದಾರೆ. ಇಕ್ಕೆಲಗಳಲ್ಲಿ ಅರ್ಧವೃತ್ತಾಕಾರದ ಗಾಳಿಬಾಯಿಗಳು, ಅವುಗಳೊಳಗೆ ಅರ್ಧ ಶಂಕುಗಳು. ಹಿಂದೆ ಅಕ್ಕಪಕ್ಕದಲ್ಲಿ ಎರಡು ಎಂಜಿನ್‌ಗಳ ಬಾಯಿಗಳು. ಇವನ್ನೆಲ್ಲ ಕೆತ್ತಲು ತಾತನವರು ಆರಿಸಿಕೊಂಡದ್ದು ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಹಾಲೆಮರ. ಮೃದುವಾದ, ಎಳೆ ಕಾಣದ, ಬಣ್ಣ ಚೆನ್ನಾಗಿ ಹಿಡಿಯುವ ಮರ ಅದು. ಊರಿನಿಂದ ಬಂದ ನೆಂಟರ ಪೆಟ್ಟಿಗೆಯಲ್ಲಿ ಚಟ್ನಿಪುಡಿ, ಹಪ್ಪಳಗಳ ಜೊತೆ ಎರಡು ತುಂಡು ಹಾಲೆಮರವೂ ವಡೋದರೆಗೆ ಬಂದಿಳಿಯಿತು.

ಉಳಿದ ಸಾಮಗ್ರಿಗಳು ಗುಜರಾತಿನವೇ. ಅಹಮದಾಬಾದಿನ ರಾಯಪುರ ದರವಾಜೆಯ ಬಳಿ ಉತ್ತರಾಯಣಕ್ಕೆ ಮಾರುವ ಗಾಳಿಪಟದ ತೆಳುಕಾಗದದ ಮೂಲಕ ಕೆಳಗಿನ ಗೆರೆ ಸ್ಪಷ್ಟವಾಗಿ ತೋರುವುದರಿಂದ, ನಕ್ಷೆ ತೆಗೆಯಲು ಅದೇ ಒದಗಿತು. ರೆಕ್ಕೆಯಡಿಯ ಇಂಧನದ ತೊಟ್ಟಿಗಳನ್ನು ವಡೋದರೆಗೆ ಸಮೀಪದ ಸಂಖೇಡಾದ ಕುಶಲಕರ್ಮಿಯೊಬ್ಬರು ಚರಕಿಯ ಮೇಲೆ ತಿರುಗಿಸಿಕೊಟ್ಟರು. ಅರಗಿನ ಬಣ್ಣದ ಪೀಠೋಪಕರಣಗಳಿಗೆ ಹೆಸರಾದ ಸಂಖೇಡಾ ಚನ್ನಪಟ್ಟಣಕ್ಕೆ ದಾಯಾದಿಯೇ ಸರಿ. ಅದೇ ಚರಕಿ, ಅದೇ ಅರಗು. ಸೂರತ್ತಿನಲ್ಲಿ ಉದ್ಯೋಗದಲ್ಲಿರುವ ಮಗ, ಮಹಿಧರಪುರದ ವಜ್ರದ ಪೇಟೆಯಿಂದ ಹರಳು ಪರೀಕ್ಷಿಸುವ ‘ಐ-ಗ್ಲಾಸ್’ ಒಂದನ್ನು ತಂದುಕೊಟ್ಟರು. ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಆ ಮಸೂರವಿಲ್ಲದಿದ್ದರೆ, ಪೊರೆಯ ಶಸ್ತ್ರಕ್ರಿಯೆಯಾದ ಕಣ್ಣಿನಿಂದ ಕೂದಲೆಳೆಯಷ್ಟು ಸಣ್ಣ ಅಕ್ಷರಗಳನ್ನು ಬರೆಯುವುದು ಅಸಾಧ್ಯವಾಗುತ್ತಿತ್ತು.

ಮರ ಕೆತ್ತುವ ಆರು ವಾರಗಳಲ್ಲಿ ಮೊಮ್ಮಗಳು ಕಲಿತದ್ದು ಮರಗೆಲಸಕ್ಕಿಂತ ಹೆಚ್ಚಾಗಿ ಚರಿತ್ರೆಯನ್ನು. ಬೆಂಗಳೂರಿನ ವಿಮಾನ ಕಾರ್ಖಾನೆ 1940ರ ಡಿಸೆಂಬರಿನಲ್ಲಿ ಸ್ಥಾಪನೆಗೊಂಡಾಗ, ಮೈಸೂರು ಸಂಸ್ಥಾನದೊಡನೆ ಕೈಜೋಡಿಸಿದ ಉದ್ಯಮಿ ವಾಲಚಂದ್ ಹೀರಾಚಂದ್ ಸೋಲಾಪುರದ ಗುಜರಾತಿ ಜೈನ ಮನೆತನದವರು. ಗುಜರಾತಿನ ಕನ್ನಡಿಗರಿಗೆ ಈ ಸಂಗತಿ ಮುದ ನೀಡದಿರದು. 1956ರಲ್ಲಿ ಅಲ್ಲಿಗೆ ಬಂದ ಜರ್ಮನ್ ವಿನ್ಯಾಸಕಾರ ಕುರ್ಟ್ ಟ್ಯಾಂಕ್, ಎರಡನೆಯ ಮಹಾಯುದ್ಧದ ಪ್ರಸಿದ್ಧ ಫೋಕೆವುಲ್ಫ್ 190 ವಿಮಾನದ ಕರ್ತೃ. ಅವರೂ ಭಾರತೀಯ ಎಂಜಿನಿಯರುಗಳೂ ಮೊದಲು ಮಾಡಿದ್ದು ಏನೆಂದರೆ ಒಂದು ಮಾದರಿಯನ್ನೇ! ಪೂರ್ಣಪ್ರಮಾಣದ, ಎಂಜಿನ್ ಇಲ್ಲದ, ಮರದ ಗ್ಲೈಡರ್ ಅದು. 1959ರಲ್ಲಿ ಡಕೋಟಾ ವಿಮಾನವೊಂದು ಅದನ್ನು ಹಗ್ಗ ಕಟ್ಟಿ ಆಕಾಶಕ್ಕೆ ಎಳೆದೊಯ್ದು ಬಿಡುತ್ತಿತ್ತು. ಅಂಥ 78 ಹಾರಾಟಗಳಲ್ಲಿ ವಿಮಾನದ ಗುಣದೋಷಗಳನ್ನು ಪರೀಕ್ಷಿಸಿದರು. ಹೀಗಾಗಿ ಮರದಲ್ಲಿ ಮರುತ್ ಮಾಡುವುದು ಹವ್ಯಾಸಿಗಳ ಬಡತನವಲ್ಲ, ಆ ವಿಮಾನದ ಪರಂಪರೆ ಎನ್ನಬೇಕು.

1961ರ ಜೂನ್ 17ರಂದು ಬಿ.ಆರ್. 461 ಎಂಬ ಸಂಖ್ಯೆ ಹೊತ್ತ ಮೊದಲನೆಯ ಮರುತ್ ಬೆಂಗಳೂರಿನಲ್ಲಿ ಗಗನಕ್ಕೇರಿತು. ಚಾಲಕರು ವಿಂಗ್ ಕಮಾಂಡರ್ ಸುರಂಜನ್ ದಾಸ್. ಆದರೆ ಈ ವಿಮಾನದ ಜಾತಕದಲ್ಲಿ ಎಂಜಿನ್ನಿನ ಸ್ಥಾನ ದುರ್ಬಲವಾಗಿತ್ತು. ಉದ್ದೇಶಿಸಿದ್ದ ಪ್ರಬಲವಾದ ಆರ್ಫಿಯಸ್ ಎಂಜಿನ್ನಿನ ಯೋಜನೆ ಬ್ರಿಟನ್ನಿನಲ್ಲಿ ಕೈಬಿಟ್ಟುಹೋಯಿತು. ಈಜಿಪ್ಟಿನ ಎಂಜಿನ್ನಿನ ಪ್ರಯತ್ನವೂ ಫಲಿಸಲಿಲ್ಲ. ಕೊನೆಗೆ ಸಾಧಾರಣವಾದ ಆರ್ಫಿಯಸ್ 703 ಎಂಜಿನ್ನುಗಳೆರಡನ್ನೇ ನೆಚ್ಚಬೇಕಾಯಿತು. ಶಬ್ದಕ್ಕಿಂತ ಬಹಳ ವೇಗವಾಗಿ ಸಾಗಬೇಕೆಂದು ರೂಪಿಸಿದ ಒಡಲು ಆ ವೇಗವನ್ನು ಕಾಣಲೇ ಇಲ್ಲ. ಒಟ್ಟು 147 ವಿಮಾನಗಳು ತಯಾರಾದವು, ಅವುಗಳಲ್ಲಿ 18 ಎರಡು ಆಸನದ ತರಬೇತಿ ವಿಮಾನಗಳು. ಟೀಕಾಕಾರರು ಮರುತ್ತನ್ನು ವಿಫಲವೆಂದದ್ದುಂಟು. ಎಂಜಿನ್ನಿಗಾಗಿ ಪರರ ಬಾಗಿಲು ಕಾಯುವ ನಮ್ಮ ಕಷ್ಟ ಇಂದಿಗೂ ಪೂರ್ತಿ ತೀರಿಲ್ಲವೆಂಬುದನ್ನು ನೆನೆದರೆ, ದೋಷವನ್ನು ಮರುತ್ತಿನ ಮೇಲೊಂದರ ಮೇಲೆಯೇ ಹೊರಿಸುವುದು ನ್ಯಾಯವೆನಿಸದು.

1970ರ ಜನವರಿ 10ರಂದು ಸುರಂಜನ್ ದಾಸ್ ಬೆಂಗಳೂರಿನಲ್ಲಿ ಮರುತ್ತಿನ ಸುಧಾರಿತ ರೂಪವೊಂದನ್ನು ಪರೀಕ್ಷಿಸುವಾಗ ಅಪಘಾತದಲ್ಲಿ ತೀರಿಕೊಂಡರು. ಆ ದಿನ ಕಾರ್ಖಾನೆಯಲ್ಲಿದ್ದ ತಾತನವರು ಇದನ್ನು ಹೇಳುವಾಗ ಉಳಿಯನ್ನು ಕೆಳಗಿಟ್ಟರು. ಬೆಂಗಳೂರಿನ ಸುರಂಜನ್ ದಾಸ್ ರಸ್ತೆಯಲ್ಲಿ ದಿನವೂ ಸ್ಕೂಟರ್ ಓಡಿಸುವವರಲ್ಲಿ ಎಷ್ಟು ಮಂದಿಗೆ ಆ ಹೆಸರಿನ ಅರ್ಥ ಗೊತ್ತಿದೆಯೋ!

ಬಣ್ಣ ಬಳಿಯುವ ಹಂತದಲ್ಲಿ ತಾತ-ಮೊಮ್ಮಗಳ ನಡುವೆ ವಿವಾದ ಹುಟ್ಟಿತು. ಮೊಮ್ಮಗಳಿಗೆ ಬಿ.ಆರ್. 461 ಸಂಖ್ಯೆಯೂ ಬೇಕು, 1971ರ ಯುದ್ಧದ ಹಸಿರು-ಕಂದು ಬಣ್ಣವೂ ಬೇಕು, ಹತ್ತನೆಯ ಸ್ಕ್ವಾಡ್ರನ್ನಿನ ಕಠಾರಿಯ ಲಾಂಛನವೂ ಬೇಕು. ಅಂಥ ವಿಮಾನ ಪ್ರಪಂಚದಲ್ಲಿ ಎಂದೂ ಇರಲಿಲ್ಲ. ಬಿ.ಆರ್. 461 ಪರೀಕ್ಷೆಗಾಗಿ ಕಟ್ಟಿದ ಮೊದಲ ವಿಮಾನ, ಯಾವ ಸ್ಕ್ವಾಡ್ರನ್ನಿಗೂ ಸೇರಿದ್ದಲ್ಲ. ಒಬ್ಬರ ಹೆಸರು, ಇನ್ನೊಬ್ಬರ ಸಹಿ, ಮತ್ತೊಬ್ಬರ ಮೊಹರು ಇರುವ ಚೆಕ್ಕನ್ನು ಯಾವ ಬ್ಯಾಂಕು ಪಾವತಿ ಮಾಡೀತು?

ಗುರುತುಗಳು ಅಲಂಕಾರಕ್ಕಾಗಿ ಬರೆದವಲ್ಲ. ನಮ್ಮ ವಾಯುಪಡೆಯ ಚಕ್ರದಲ್ಲಿ ಹೊರಗಿನ ವಲಯ ಕೇಸರಿ, ನಡುವಣದು ಬಿಳಿ, ಒಳಗಿನ ಬೊಟ್ಟು ಹಸಿರು. ಅನೇಕ ಶಾಲಾ ಪ್ರದರ್ಶನಗಳಲ್ಲಿ ಇದು ತಿರುವುಮುರುವಾಗಿ, ಹಸಿರು ಹೊರಗೆ ಬಂದಿರುವುದುಂಟು. ಯುದ್ಧಕಾಲದಲ್ಲಿ ಗುರುತನ್ನು ನೋಡುವ, ನೋಡದಿರುವ ಪರಿಣಾಮ ಎಂಥದೆಂದು ಗುಜರಾತು ಬಲ್ಲದು. 1965ರ ಸೆಪ್ಟೆಂಬರ್ 19ರಂದು ಮುಖ್ಯಮಂತ್ರಿ ಬಲವಂತರಾಯ್ ಮೆಹತಾ ಅವರಿದ್ದ ನಾಗರಿಕ ವಿಮಾನವನ್ನು ಪಾಕಿಸ್ತಾನದ ಸೇಬರ್ ಕಚ್ಛದ ಮೇಲೆ ಹೊಡೆದುರುಳಿಸಿತು. ಆ ಸೇಬರಿನ ಚಾಲಕ 2011ರಲ್ಲಿ, ನಲವತ್ತಾರು ವರ್ಷಗಳ ಮೇಲೆ, ನಮ್ಮ ವಿಮಾನಚಾಲಕರ ಮಗಳಿಗೆ ಪತ್ರ ಬರೆದು ದುಃಖ ವ್ಯಕ್ತಪಡಿಸಿದರು.

ಸೇವಾಚರಿತ್ರೆಯ ಮಹತ್ತ್ವಕ್ಕೂ ನಮ್ಮವರದೇ ನಿದರ್ಶನವಿದೆ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಮಿಸ್ಟೇರ್ ವಿಮಾನದಲ್ಲಿ ಸರ್ಗೋಧಾದ ದಾಳಿಗೆ ಹೋದವರು ಮರಳಲಿಲ್ಲ. ಅವರು ತಮ್ಮ ವಿಮಾನಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರನ್ನು ಕೆಡವಿ ಮಡಿದರೆಂಬುದು ನಮಗೆ ತಿಳಿದದ್ದು ವರ್ಷಗಳ ನಂತರ, ವಿದೇಶೀ ಲೇಖಕನೊಬ್ಬನ ಗ್ರಂಥದಿಂದ. ಮಹಾವೀರ ಚಕ್ರ ಘೋಷಣೆಯಾದದ್ದು 1988ರಲ್ಲಿ, ಇಪ್ಪತ್ತಮೂರು ವರ್ಷ ತಡವಾಗಿ. ಯಾವ ವಿಮಾನ, ಯಾವ ದಿನ, ಯಾರು ಎಂಬ ಮೂರು ಸಾಲು ಸರಿಯಾಗಿ ದಾಖಲಾಗದಿದ್ದರೆ ಒಬ್ಬ ವೀರನ ಲೆಕ್ಕ ಇಷ್ಟು ಕಾಲ ಇತ್ಯರ್ಥವಾಗದೆ ಉಳಿಯುತ್ತದೆ.

ಕೊನೆಗೆ ರಾಜಿಯಾಯಿತು: 1971ರ ಡಿಸೆಂಬರಿನ ಮರುತ್, 220ನೆಯ ಸ್ಕ್ವಾಡ್ರನ್ನಿನದು. ಹತ್ತನೆಯ ಮತ್ತು 220ನೆಯ ಸ್ಕ್ವಾಡ್ರನ್ನುಗಳ ಮರುತ್‌ಗಳು ರಾಜಸ್ಥಾನದ ಮರುಭೂಮಿಯ ನೆಲೆಗಳಿಂದ ಹಾರಿ ರೈಲು, ಟ್ಯಾಂಕು, ಮದ್ದುಗುಂಡಿನ ದಾಸ್ತಾನುಗಳ ಮೇಲೆ ದಾಳಿ ಮಾಡಿದವು. ಒಂದು ಎಂಜಿನ್ ಗುಂಡೇಟಿಗೆ ಕೆಟ್ಟಾಗ ಇನ್ನೊಂದರಲ್ಲೇ ಮರಳಿ ಬಂದದ್ದೂ ಉಂಟು. ‘ದುರ್ಬಲ’ ಎನ್ನಿಸಿಕೊಂಡ ಎಂಜಿನ್ನೇ ಪ್ರಾಣ ಉಳಿಸಿತು. ಡಿಸೆಂಬರ್ 7ರಂದು 220ನೆಯ ಸ್ಕ್ವಾಡ್ರನ್ನಿನ ಸ್ಕ್ವಾಡ್ರನ್ ಲೀಡರ್ ಕೆ.ಕೆ. ಬಕ್ಷಿ ಸೇಬರ್ ಒಂದನ್ನು ಕೆಡವಿದರು. ಅದೇ ದಿನಗಳಲ್ಲಿ ಇತ್ತ ಭುಜ್ ನೆಲೆಯ ಬಾಂಬು ಬಿದ್ದ ಓಡುದಾರಿಯನ್ನು ಮಾಧಾಪರದ ಸುಮಾರು ಮುನ್ನೂರು ಮಹಿಳೆಯರು ಹಗಲಿರುಳು ದುಡಿದು ಸರಿಪಡಿಸಿದ ಕಥೆ ಗುಜರಾತಿನಲ್ಲಿ ಎಲ್ಲರಿಗೂ ಗೊತ್ತು.

ಇಲ್ಲಿ ಆರೋಗ್ಯದ ನಾಲ್ಕು ಮಾತು ಅಪ್ರಸ್ತುತವಾಗದು. ತಾತನವರು ಮೊದಲ ವಾರ ಕಿಟಕಿ ಮುಚ್ಚಿಕೊಂಡು ಬಣ್ಣ ಬಳಿದು, ತಿನ್ನರಿನ ಆವಿಯಿಂದ ತಲೆಸುತ್ತು ಬಂದು ಮಲಗಿದರು. ಬಣ್ಣದ ಕೆಲಸ ಗಾಳಿಯಾಡುವ ಮೊಗಸಾಲೆಯಲ್ಲೇ ನಡೆಯಬೇಕು. ಒಲೆ, ದೀಪ, ಅಗರಬತ್ತಿ ಹತ್ತಿರವಿರಬಾರದು. ಮರಳುಕಾಗದ ಉಜ್ಜುವಾಗ ಮೂಗು-ಬಾಯಿಗೆ ಮುಸುಕು ಅಗತ್ಯ, ಉಬ್ಬಸವಿರುವವರು ಆ ಕೆಲಸವನ್ನು ಇತರರಿಗೆ ಬಿಡುವುದು ಲೇಸು. ಮಧುಮೇಹಿಗಳು ಬ್ಲೇಡಿನ ಸಣ್ಣ ಗಾಯವನ್ನೂ ಅಲಕ್ಷಿಸಬಾರದು. ಮಸೂರದಲ್ಲಿ ಇಪ್ಪತ್ತು ನಿಮಿಷ ನೋಡಿದ ಮೇಲೆ ಎದ್ದು ದೂರದ ಮರವನ್ನು ನೋಡುವುದು ಕಣ್ಣಿಗೂ ಕುತ್ತಿಗೆಗೂ ಹಿತ. ನಿವೃತ್ತಿಯ ನಂತರ ದೂರದರ್ಶನದ ಮುಂದೆಯೇ ಸಂಜೆಗಳನ್ನು ಕಳೆಯುತ್ತಿದ್ದವರು ಈಗ ಊಟಕ್ಕೆ ಕರೆದರೂ ಏಳುತ್ತಿಲ್ಲವೆಂದು ಮನೆಯಾಕೆಯ ಹೊಸ ದೂರು.

ಉಳಿದದ್ದು ಸಂಖ್ಯೆ. ತಾತನವರಿಗೆ ತಾವು ದುಡಿದ ವಿಮಾನಗಳಲ್ಲಿ ಒಂದರ ಸಂಖ್ಯೆ ಮಾತ್ರ ನೆನಪಿತ್ತು. ಚಾಲಕನ ಆಸನದ ಹಿಂದಿನ ಎಡ ತಗಡಿಗೆ ತಪ್ಪಾಗಿ ರಿವೆಟ್ ಹೊಡೆದು, ತನಿಖಾಧಿಕಾರಿಯ ಮುಂದೆಯೇ ಎಲ್ಲವನ್ನೂ ಬಿಚ್ಚಿ ಮತ್ತೆ ಹೊಡೆದ ವಿಮಾನ ಅದು. ಆ ಸಂಖ್ಯೆಯನ್ನೇ ಬರೆಯಬೇಕೆಂಬುದು ಅವರ ಆಸೆ. ಆದರೆ ಕೊನೆಯ ಅಂಕಿ ಮೂರೋ ಎಂಟೋ ಎಂದು ನೆನಪು ತಡವರಿಸುತ್ತಿತ್ತು. ಬೆಂಗಳೂರಿಗೆ ಹೋದಾಗ ಎಚ್.ಎ.ಎಲ್. ವಸ್ತುಸಂಗ್ರಹಾಲಯದ ಮರುತ್ತನ್ನು ಮೊಮ್ಮಗಳು ಸುತ್ತಿ ಸುತ್ತಿ ನೋಡಿ ಬಂದಳು. ಅದು ಬೇರೆ ವಿಮಾನ. ಹಳೆಯ ಪುಸ್ತಕವೊಂದರಲ್ಲಿ ಬೇಕಾದ ವಿಮಾನದ ಚಿತ್ರ ಸಿಕ್ಕಿತು. ಐ-ಗ್ಲಾಸ್ ಹಿಡಿದು ನೋಡಿದರೆ, ಮೊದಲ ಅಕ್ಷರ ಮತ್ತು ಅಂಕಿಗಳು ಸ್ಪಷ್ಟ, ಕೊನೆಯ ಅಂಕಿಗೆ ಅಡ್ಡಲಾಗಿ ನೆಲದ ಸಿಬ್ಬಂದಿಯೊಬ್ಬನ ಭುಜ!

“ಮೂರು ಅಂತಲೇ ಬರಿ ಮಗೂ, ನನಗೆ ಹಾಗೇ ಅನ್ನಿಸುತ್ತೆ” ಎಂದರು ತಾತ.

“ಅನ್ನಿಸಿದರೆ ಸಾಕಾ ತಾತ? ತನಿಖಾಧಿಕಾರಿ ಮೊಹರು ಹಾಕದೆ ಒಂದು ಸ್ಕ್ರೂ ಕೂಡ ಮುಂದಿನ ಮೇಜಿಗೆ ಹೋಗುತ್ತಿರಲಿಲ್ಲ ಅಂತ ನೀವೇ ಹೇಳಿದ್ದಿರಲ್ಲ?”

ತಾತನವರು ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಕುಂಚವನ್ನು ತೊಳೆದಿಟ್ಟರಂತೆ.

2024ರ ಅಕ್ಟೋಬರಿನಲ್ಲಿ ವಡೋದರೆಯಲ್ಲೇ ಸಿ-295 ಸಾರಿಗೆ ವಿಮಾನಗಳನ್ನು ಜೋಡಿಸುವ ಕಾರ್ಖಾನೆಯ ಉದ್ಘಾಟನೆಯಾದ ಮೇಲೆ, ತಾನೂ ಅಲ್ಲಿ ಎಂಜಿನಿಯರಾಗುವೆನೆಂದು ಮೊಮ್ಮಗಳು ಹೇಳತೊಡಗಿದ್ದಾಳೆ. ಮರುತ್ ಮಾದರಿ ಶಾಲೆಯ ಪ್ರದರ್ಶನಕ್ಕೆ ಹೋಗಿ ಬಂದು, ಈಗ ಮನೆಯ ದೇವರ ಗೂಡಿನ ಪಕ್ಕದ ಕಪಾಟಿನಲ್ಲಿದೆ. ನೋಡಲು ಬಂದವರಲ್ಲಿ ಕೆಲವರು ಕೊನೆಯ ಅಂಕಿ ಬರೆಯುವುದು ಮರೆತುಹೋಗಿದೆಯೆಂದು ತಿಳಿಸಿ ಹೋಗುತ್ತಾರೆ. ಆ ಖಾಲಿ ಜಾಗದಲ್ಲಿ ಹಸಿರು ಬಣ್ಣ ಮಾತ್ರ ಇದೆ. ಒಂದು ಅಂಕಿ ಹಿಡಿಸುವಷ್ಟು ಅಗಲ, ಅಳತೆ ಮಾಡಿಯೇ ಬಿಟ್ಟದ್ದು.